ಚೆಂಡೆಸೆಯುವವನ ಕೂಲಿ: 1911ರ ಕ್ರಿಕೆಟ್ ಋತುವೂ ಧಾರವಾಡದಲ್ಲಿ ಹುಟ್ಟಿದ ಬಾಳೂ ಪಾಲವಣಕರರೂ

ಸುಗ್ಗಿ ಮುಗಿದ ಮೇಲೆ ಅರಕೇರಾ, ದೇವದುರ್ಗ, ಮಾನ್ವಿಯ ಕಡೆ ಖಾಲಿ ಬಿದ್ದ ಹೊಲಗಳಲ್ಲಿ ಹುಡುಗರು ಆಡುವ ಕ್ರಿಕೆಟ್ಟನ್ನು ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಅಲಿಖಿತ ಕಾನೂನು ಕಣ್ಣಿಗೆ ಬೀಳುತ್ತದೆ. ಬ್ಯಾಟು ಯಾರದೋ ಅವನು ಮೊದಲು ಆಡುತ್ತಾನೆ. ಚಿಕ್ಕವನು, ತಡವಾಗಿ ಬಂದವನು, ಮಾತಿಗೆ ಎದುರಾಡದವನು ಚೆಂಡು ಎಸೆಯಬೇಕು, ಮುಳ್ಳಿನ ಬೇಲಿಯೊಳಗೆ ಹೋದ ಚೆಂಡನ್ನು ಹೆಕ್ಕಿ ತರಬೇಕು. ಹೊಡೆಯುವುದು ಯಜಮಾನಿಕೆ, ಎಸೆಯುವುದು ಚಾಕರಿ. ಮಕ್ಕಳು ಇದನ್ನು ಯಾರಿಂದಲೂ ಕಲಿತದ್ದಲ್ಲ. ಆದರೆ ಇದರ ಬೆನ್ನಿಗೆ ಒಂದೂವರೆ ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಋತುವನ್ನು, 1911ರ ಇಂಗ್ಲೆಂಡಿನ ಬೇಸಿಗೆಯನ್ನು, ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಆ ಬೇಸಿಗೆಯಲ್ಲಿ ‘ಅಖಿಲ ಭಾರತ’ ಎಂಬ ಹೆಸರು ಹೊತ್ತು ಕಡಲು ದಾಟಿದ ಮೊದಲ ಕ್ರಿಕೆಟ್ ತಂಡದ ಭಾರವನ್ನು ಹೆಚ್ಚಾಗಿ ಹೊತ್ತವರು ಧಾರವಾಡದಲ್ಲಿ ಹುಟ್ಟಿದ, ತಿಂಗಳಿಗೆ ಮೂರು ರೂಪಾಯಿಯ ಸಂಬಳಕ್ಕೆ ಮೈದಾನ ಗುಡಿಸುತ್ತ ಆಟಕ್ಕೆ ಬಂದ ಬಾಳೂ ಪಾಲವಣಕರರು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಧಾರವಾಡದಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಅವರನ್ನು ಕನ್ನಡಿಗರೆಂದು ಎಳೆದು ತರುವ ಉದ್ದೇಶ ನನಗಿಲ್ಲ. ಮನೆತನದ ಹೆಸರು ಕೊಂಕಣದ ಪಾಲವಣ ಎಂಬ ಹಳ್ಳಿಯಿಂದ ಬಂದದ್ದು. ಬಾಳಿದ್ದು ಪುಣೆ ಮತ್ತು ಮುಂಬಯಿಗಳಲ್ಲಿ. ತಮ್ಮ ವಿಠ್ಠಲರು ಬರೆದ ಆತ್ಮಕಥನ ಮರಾಠಿಯದು. ತಂದೆ ಸೈನ್ಯದ ಚಾಕರಿಯಲ್ಲಿದ್ದವರು. ದಂಡು ಹೋದಲ್ಲಿ ಸಂಸಾರ ಹೋಗುವ ಕಾಲದಲ್ಲಿ, 1876ರ ಸುಮಾರಿಗೆ (ಕೆಲವರ ಎಣಿಕೆಯಲ್ಲಿ ಒಂದು ವರ್ಷ ಮೊದಲು), ಮುಂಬಯಿ ಪ್ರಾಂತದ ದಕ್ಷಿಣದ ಪಟ್ಟಣವಾಗಿದ್ದ ಧಾರವಾಡದಲ್ಲಿ ಈ ಕೂಸು ಹುಟ್ಟಿತು. ನಮ್ಮ ನೆಲದ ಪಾಲು ಇಷ್ಟೇ. ಆದರೆ ಜನ್ಮಸ್ಥಳದ ಆ ಒಂದು ಸಾಲನ್ನು ನೆವ ಮಾಡಿಕೊಂಡಾದರೂ ಕನ್ನಡದ ವಿದ್ಯಾರ್ಥಿಗಳು ಈ ಬದುಕನ್ನು ಓದಬೇಕು ಎಂಬುದು ನನ್ನ ಅಭಿಪ್ರಾಯ. ಪ್ರತಿಭೆ, ಕುಲ ಮತ್ತು ಕೂಲಿ ಈ ಮೂರರ ಸಂಬಂಧವನ್ನು ಕುರಿತು ನಮ್ಮ ಕಾವ್ಯಗಳು ಎತ್ತಿದ ಪ್ರಶ್ನೆಗಳೇ ಇಲ್ಲಿ ಬಿಳಿಯ ಅಂಗಿ ತೊಟ್ಟು ಮೈದಾನಕ್ಕಿಳಿದಿವೆ.

ಕೂಲಿಯ ಪ್ರಶ್ನೆಯಿಂದಲೇ ಆರಂಭಿಸೋಣ. ಆಟವಾಡಿ ಸಂಬಳ ಪಡೆಯುವುದು ಗೌರವವೋ ಅಗೌರವವೋ ಎಂಬುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೇಶದೇಶಗಳಲ್ಲಿ ಬೇರೆ ಬೇರೆಯಾಗಿ ಇತ್ಯರ್ಥವಾಯಿತು. ಇಂಗ್ಲೆಂಡಿನಲ್ಲಿ ಆಟಗಾರರು ಎರಡು ಜಾತಿ: ಹಣ ಪಡೆಯದೆ ಆಡುವ ‘ಜೆಂಟಲ್‌ಮನ್’, ಹಣ ಪಡೆದು ಆಡುವ ‘ಪ್ಲೇಯರ್’. ಜಾತಿ ಎಂಬ ಪದವನ್ನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಒಂದೇ ತಂಡದಲ್ಲಿದ್ದರೂ ಉಡುಪು ಬದಲಿಸುವ ಕೋಣೆ ಬೇರೆ, ಅನೇಕ ಮೈದಾನಗಳಲ್ಲಿ ಆಟಕ್ಕಿಳಿಯುವ ಬಾಗಿಲೂ ಬೇರೆ. ಹವ್ಯಾಸಿಯ ಹೆಸರಿಗೆ ಮೊದಲಕ್ಷರಗಳ ಮರ್ಯಾದೆ, ವೃತ್ತಿಯವನಿಗೆ ಬರಿಯ ಮನೆತನದ ಹೆಸರು. ಈ ಎರಡು ವರ್ಗಗಳ ನಡುವೆ 1806ರಲ್ಲಿ ಆರಂಭವಾದ ಪಂದ್ಯ 1962ರವರೆಗೂ ನಡೆಯಿತು ಎಂದರೆ ಆ ಭೇದ ಎಷ್ಟು ಗಟ್ಟಿಯಾಗಿತ್ತೆಂಬುದು ತಿಳಿಯುತ್ತದೆ. ಇದರೊಳಗೆ ಇನ್ನೂ ಒಂದು ಸೂಕ್ಷ್ಮವಿತ್ತು. ಬ್ಯಾಟಿನ ಲಾಲಿತ್ಯ ಹವ್ಯಾಸಿಯ ಲಕ್ಷಣ. ದಿನವಿಡೀ ಬೆವರಿಳಿಸಿ ಚೆಂಡೆಸೆಯುವ ಶ್ರಮ ವೃತ್ತಿಯವನ ಪಾಲು.

ಅಮೆರಿಕದಲ್ಲಿ ಕಥೆ ಬೇರೆಯಾಯಿತು. ಅಲ್ಲಿನ ಬೇಸ್‌ಬಾಲ್ ಸಂಘವು ಆರಂಭದಲ್ಲಿ ಸಂಬಳವನ್ನು ನಿಷೇಧಿಸಿತ್ತು. ಮರೆಯಲ್ಲಿ ಹಣ ಕೊಡುವುದು ನಡೆದೇ ಇತ್ತು. ಆ ಬೂಟಾಟಿಕೆಯನ್ನು ಬಿಟ್ಟು 1869ರ ಋತುವಿನಿಂದ ವೃತ್ತಿಪರರಿಗೆ ಬಹಿರಂಗವಾಗಿ ಅನುಮತಿ ದೊರೆತಾಗ ಸಿನ್ಸಿನಾಟಿಯ ‘ರೆಡ್ ಸ್ಟಾಕಿಂಗ್ಸ್’ ತಂಡವು ಆಟಗಾರರೆಲ್ಲರಿಗೂ ಸಂಬಳ ಗೊತ್ತುಮಾಡಿ ಕಣಕ್ಕಿಳಿಯಿತು. ಮಾರ್ಚ್ ನಡುವಿನಿಂದ ನವೆಂಬರ್ ನಡುವಿನವರೆಗೆ ಎಂಟು ತಿಂಗಳ ಕರಾರು. ಹತ್ತು ಜನರಿಗೆ ಒಟ್ಟು 9,300 ಡಾಲರ್. ಅವರಲ್ಲಿ ಹೆಚ್ಚಿನ ಪಾಲು, 1,400 ಡಾಲರ್, ಜಾರ್ಜ್ ರೈಟ್ ಎಂಬ ಆಟಗಾರನಿಗೆ. ಹತ್ತರಲ್ಲಿ ಸಿನ್ಸಿನಾಟಿಯವನೆಂದು ಹೇಳಬಹುದಾದವನು ಒಬ್ಬನೇ. ಊರಿನ ಹೆಸರಿಗಾಗಿ ಹೊರಗಿನವರನ್ನು ಕೂಲಿಗೆ ತರುವ ಪದ್ಧತಿ, ಎಂದರೆ ಇಂದಿನ ಹರಾಜಿನ ಲೀಗುಗಳ ಬೀಜ, ಅಲ್ಲಿಯೇ ಇದೆ. ಆ ವರ್ಷ ಸಂಘದ ಸದಸ್ಯ ತಂಡಗಳೊಡನೆ ಆಡಿದ 57 ಪಂದ್ಯಗಳಲ್ಲಿ ಅವರು ಒಂದನ್ನೂ ಸೋಲಲಿಲ್ಲ. ಮರುವರ್ಷ ಜೂನ್ 14ರಂದು ಬ್ರೂಕ್ಲಿನ್ನಿನಲ್ಲಿ 8–7ರಿಂದ ಸೋಲುವವರೆಗೆ ಆ ಓಟ ನಿಲ್ಲಲಿಲ್ಲ.

ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಸಂಗತಿ ಇನ್ನೊಂದಿದೆ. ಈ ತಂಡವನ್ನು ಕಟ್ಟಿದ ಹ್ಯಾರಿ ರೈಟ್, ಜಾರ್ಜನ ಅಣ್ಣ, ಮೂಲತಃ ಕ್ರಿಕೆಟ್ಟಿನವನು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದವನು; ತಂದೆ ಸಂಬಳದ ಕ್ರಿಕೆಟ್ ಆಟಗಾರ; ಮಗನೂ ಸಿನ್ಸಿನಾಟಿಗೆ ಬಂದದ್ದು ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಚಾಕರಿಗೆ. ಇಂಗ್ಲೆಂಡಿನಲ್ಲಿದ್ದರೆ ಪಕ್ಕದ ಬಾಗಿಲಿನಿಂದ ಮೈದಾನಕ್ಕಿಳಿಯಬೇಕಾಗಿದ್ದ ಮನುಷ್ಯ ಅಮೆರಿಕದಲ್ಲಿ ನಾಯಕನಾದ, ಊರಿನ ಕಣ್ಮಣಿಯಾದ. ಸಂಬಳವು ಅಲ್ಲಿ ಕೀಳುತನದ ಗುರುತಾಗದೆ ಯೋಗ್ಯತೆಯ ಅಳತೆಯಾಯಿತು. (ಆ ಋತುವಿನಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹೋಗಿ ಆಡಿದ್ದು ಅದೇ ವರ್ಷ ಮೇ ತಿಂಗಳಲ್ಲಿ ಪೂರ್ಣಗೊಂಡ ಖಂಡಾಂತರ ರೈಲುದಾರಿಯಲ್ಲಿ. ಎರಡೇ ವರ್ಷಗಳ ತರುವಾಯ, 1871ರಲ್ಲಿ, ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಹಳಿಯೂ ನಮ್ಮ ರಾಯಚೂರಿನಲ್ಲಿ ಕೂಡಿದವು. ಆಟದ ‘ಋತು’ ಎಂಬ ಕಲ್ಪನೆಯೇ ರೈಲಿನ ಕೂಸು. ಬಾಳೂ ಅವರ ಬದುಕಿನಲ್ಲಿಯೂ ರೈಲು ಬರಲಿದೆ.)

ಆದರೆ ಅಮೆರಿಕದ ಈ ಔದಾರ್ಯಕ್ಕೆ ಗೋಡೆಯಿತ್ತು. ಸಂಬಳಕ್ಕೆ ಬಾಗಿಲು ತೆರೆದ ಅದೇ ಸಂಘವು ಅದಕ್ಕೆ ಸುಮಾರು ಒಂದು ವರ್ಷ ಮೊದಲು, 1867ರ ಡಿಸೆಂಬರಿನಲ್ಲಿ, ಕಪ್ಪು ಜನರಿರುವ ತಂಡಗಳಿಗೆ ಸದಸ್ಯತ್ವವಿಲ್ಲವೆಂದು ತೀರ್ಮಾನಿಸಿತ್ತು. ಕೂಲಿಯ ಮೈಲಿಗೆಯನ್ನು ತೊಳೆದುಕೊಂಡ ಕೈಯೇ ಬಣ್ಣದ ಮೈಲಿಗೆಯನ್ನು ಹಚ್ಚಿಕೊಂಡಿತು. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಕ್ಯಾಚರ್ ಟೊಲೀಡೊ ತಂಡದ ಪರವಾಗಿ ಮೇಲುಮಟ್ಟದ ಲೀಗಿನಲ್ಲಿ ಆಡಿದನು. ಅವನ ತಂಡದ ಪಿಚರ್ ಟೋನಿ ಮುಲ್ಲೇನ್, ವಾಕರ್ ತಾನು ಕಂಡ ಅತ್ಯುತ್ತಮ ಕ್ಯಾಚರ್ ಎಂದೂ, ಆದರೂ ಕಪ್ಪು ಮನುಷ್ಯನ ಸನ್ನೆಯನ್ನು ಪಾಲಿಸಲು ಮನಸ್ಸೊಪ್ಪದೆ ತನಗೆ ತೋಚಿದಂತೆ ಚೆಂಡೆಸೆಯುತ್ತಿದ್ದೆನೆಂದೂ ಬಹಳ ವರ್ಷಗಳ ಮೇಲೆ ತಾನೇ ಒಪ್ಪಿಕೊಂಡನು. ಚೆಂಡು ಯಾವ ಕಡೆಯಿಂದ ಬರುವುದೋ ತಿಳಿಯದೆ ವಾಕರ್ ಅದನ್ನು ಹಿಡಿಯಬೇಕಿತ್ತು. ಗೆಲ್ಲಬೇಕೆಂಬ ಆಸೆಗಿಂತ ಕುಲದ ಹೆಮ್ಮೆ ಬಲವಾದ ಕಡೆ ಆಟ ಹೇಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಈ ಎರಡು ಪದ್ಧತಿಗಳನ್ನು, ಇಂಗ್ಲೆಂಡಿನ ಕೂಲಿಭೇದ ಮತ್ತು ಅಮೆರಿಕದ ವರ್ಣಭೇದಗಳನ್ನು, ಮನಸ್ಸಿನಲ್ಲಿಟ್ಟುಕೊಂಡು ಪುಣೆಗೆ ಬರೋಣ. ಅಲ್ಲಿ ಎರಡೂ ಒಂದೇ ಮೈಮೇಲೆ ಬಿದ್ದವು.

ಪಾಲವಣಕರ ಮನೆತನ ಚರ್ಮಕಾರ ಸಮುದಾಯಕ್ಕೆ ಸೇರಿದ್ದು. ಆ ಕಾಲದ ಸಮಾಜ ಅವರನ್ನು ಅಸ್ಪೃಶ್ಯರೆಂದು ದೂರವಿಟ್ಟಿತ್ತು. ಸೈನ್ಯದ ಅಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಿಂದ ಬಾಳೂ ಮತ್ತು ಶಿವರಾಮ ಆಟ ಕಲಿತರು. ಬಾಳೂ ಅವರ ಮೊದಲ ಕೆಲಸ ಪುಣೆಯ ಒಂದು ಪಾರಸಿ ಕ್ಲಬ್ಬಿನಲ್ಲಿ: ಕಣ ಗುಡಿಸುವುದು, ರೋಲರ್ ಎಳೆಯುವುದು, ಕರೆದಾಗ ಸದಸ್ಯರಿಗೆ ಚೆಂಡೆಸೆಯುವುದು, ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಅದು ನಾಲ್ಕು ರೂಪಾಯಿಯಾಯಿತು. ಅಲ್ಲಿ ಕಣಕ್ಕೆ ಸುಣ್ಣದ ಗೆರೆ ಹಾಕುವುದು, ನೆಟ್ ಕಟ್ಟುವುದು, ಟೆನಿಸ್ ಅಂಗಳ ನೋಡಿಕೊಳ್ಳುವುದು, ಇವುಗಳ ಜೊತೆಗೆ ಜೆ. ಜಿ. ಗ್ರೇಗ್ ಎಂಬ ಸೈನ್ಯಾಧಿಕಾರಿಗೆ ನಿತ್ಯವೂ ಚೆಂಡೆಸೆಯುವ ಕೆಲಸ. ಗ್ರೇಗ್ ಆ ಕಾಲದ ಭಾರತದಲ್ಲಿದ್ದ ಬಿಳಿಯ ಬ್ಯಾಟುಗಾರರಲ್ಲಿ ದೊಡ್ಡವನು. ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದನಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಳೂ ಅವರಿಗೆ ಎಂಟಾಣೆ ಕೊಡುತ್ತಿದ್ದನೆಂಬ ದಂತಕಥೆಯಿದೆ. ನಾಲ್ಕು ರೂಪಾಯಿಯ ತಿಂಗಳಲ್ಲಿ ಎಂಟಾಣೆ ಎಂದರೆ ಸುಮಾರು ನಾಲ್ಕು ದಿನದ ಸಂಬಳ. ದಂತಕಥೆಯೇ ಆದರೂ ಅದರ ಲೆಕ್ಕ ಅರ್ಥಪೂರ್ಣ: ವೃತ್ತಿಪರ ಬೌಲರ್ ಹೇಗೆ ತಯಾರಾಗುತ್ತಾನೆಂಬುದನ್ನು ಅದು ಹೇಳುತ್ತದೆ.

ಗಮನಿಸಬೇಕಾದ ಇನ್ನೊಂದು ವಿವರ: ಆ ಕ್ಲಬ್ಬಿನಲ್ಲಿ ಎಷ್ಟು ಚೆಂಡೆಸೆದರೂ ಬ್ಯಾಟು ಹಿಡಿಯುವ ಅವಕಾಶ ಅವರಿಗೆ ದೊರೆಯಲಿಲ್ಲ. ಅದು ಸಾಹೇಬರ ಭೋಗ. ಎಡಗೈಯಿಂದ ನಿಧಾನಗತಿಯ ಚೆಂಡನ್ನು ಎರಡೂ ಕಡೆಗೆ ತಿರುಗಿಸುವ, ಬ್ಯಾಟುಗಾರನ ಹೆಜ್ಜೆಯನ್ನು ಓದುವ ವಿದ್ಯೆ ಅವರಿಗೆ ಬಂದದ್ದು ಆ ನಿರಾಕರಣೆಯ ಒಳಗಿನಿಂದಲೇ.

ಪುಣೆಯ ಹಿಂದೂ ಕ್ಲಬ್ಬಿಗೆ ಈಗ ಸಂಕಟ ಎದುರಾಯಿತು. ಯುರೋಪಿಯನ್ನರನ್ನು ಸೋಲಿಸಬೇಕು, ಸೋಲಿಸಬಲ್ಲ ಕೈ ಊರಲ್ಲಿದೆ, ಆದರೆ ಆ ಕೈಯನ್ನು ಮುಟ್ಟುವಂತಿಲ್ಲ. ಕ್ಲಬ್ಬಿನೊಳಗೆ ವಾದ ನಡೆದು ಕೊನೆಗೆ ಅವರನ್ನು ಸೇರಿಸಿಕೊಂಡರು. ಒಪ್ಪಂದದ ಸ್ವರೂಪ ನೋಡಿ: ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಬಹುದು. ಚಹಾದ ಹೊತ್ತಿಗೆ ಮಾತ್ರ ಬಾಳೂ ಮಂಟಪದ ಹೊರಗೆ ನಿಂತು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಉಳಿದವರು ಒಳಗೆ ಪಿಂಗಾಣಿಯ ಬಟ್ಟಲಿನಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕೆಂದರೆ ಅದೇ ಸಮುದಾಯದ ಸೇವಕನೊಬ್ಬ ನೀರು ತರಬೇಕು. ಮುಲ್ಲೇನನಂತೆ ಇವರು ಆಟವನ್ನು ಕೆಡಿಸಲಿಲ್ಲ, ಅಷ್ಟು ವ್ಯವಹಾರಜ್ಞಾನ ಇವರಿಗಿತ್ತು. ಚೆಂಡಿಗೆ ಮೈಲಿಗೆಯಿಲ್ಲ, ಬಟ್ಟಲಿಗೆ ಇದೆ ಎಂಬ ಸಿದ್ಧಾಂತವನ್ನು ಮಾಡಿಕೊಂಡರು. ಆ ಚೆಂಡೂ ಚರ್ಮದ್ದೇ ಎಂಬುದು ಆ ಮಂಟಪದಲ್ಲಿ ಯಾರಿಗೂ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ.

ಪುಣೆಯ ಗೆಲುವುಗಳು, ಅವುಗಳಲ್ಲೂ ಸಾತಾರೆಯ ಬಿಳಿಯರ ಜಿಮಖಾನೆಯ ಮೇಲಿನ ಗೆಲುವು, ಬಾಳೂ ಅವರ ಹೆಸರನ್ನು ಮೈದಾನದ ಆಚೆಗೂ ಒಯ್ದವು. ಮಹಾದೇವ ಗೋವಿಂದ ರಾನಡೆಯವರಂತಹ ಸುಧಾರಕರು ಮೆಚ್ಚಿ ಮಾತಾಡಿದರು. ಪ್ಲೇಗಿನ ವರ್ಷಗಳಲ್ಲಿ ಅವರು ಮುಂಬಯಿಗೆ ಬಂದರು. ಅಲ್ಲಿನ ಹಿಂದೂ ಜಿಮಖಾನೆಯೂ ಮೊದಲು ಹಿಂಜರಿದು ಆಮೇಲೆ ಸೇರಿಸಿಕೊಂಡಿತು. ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿ ದೊರೆತು, ಅದರ ತಂಡಕ್ಕೂ ಆಡತೊಡಗಿದರು. ಇಲ್ಲಿ ಒಂದು ಸಣ್ಣ ಟಿಪ್ಪಣಿ ಅಗತ್ಯ. ಭಾರತದಲ್ಲಿ ‘ವೃತ್ತಿಪರ ಆಟಗಾರ’ ಎಂಬ ವರ್ಗ ಬಹಳ ಕಾಲ ಈ ವೇಷದಲ್ಲಿಯೇ ಬದುಕಿತು: ಹೆಸರಿಗೆ ರೈಲ್ವೆಯ, ಸಂಸ್ಥಾನದ ಅಥವಾ ಕಂಪನಿಯ ನೌಕರ; ಹೊಟ್ಟೆ ಹೊರೆಯುವುದು ಆಟ. ಅರ್ಧ ಶತಮಾನದ ಹಿಂದೆ ಸಿನ್ಸಿನಾಟಿ ಬಯಲು ಮಾಡಿದ್ದನ್ನು ನಾವು ಹಾಜರಿ ಪುಸ್ತಕದ ಮರೆಯಲ್ಲಿಟ್ಟುಕೊಂಡೆವು. 1906ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡವು ಯುರೋಪಿಯನ್ನರ ತಂಡವನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಳೂ, ಶಿವರಾಮ ಇಬ್ಬರೂ ಆಡಿದ್ದರು. ಸುಧಾರಕರ ಪತ್ರಿಕೆಯಾದ ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಆ ಗೆಲುವನ್ನು ಬಿಳಿಯರ ಮೇಲಿನ ಜಯವೆಂಬುದಕ್ಕಿಂತ ಹೆಚ್ಚಾಗಿ ಜಾತಿಯ ಕಟ್ಟು ಸಡಿಲಿದ ಗುರುತೆಂದು ಓದಿತು.

ಇನ್ನು 1911. ಆ ವರ್ಷ ಇಂಗ್ಲೆಂಡಿಗೆ ಹೊರಟ ತಂಡವನ್ನು ಸಮುದಾಯಗಳ ಲೆಕ್ಕ ಹಾಕಿಯೇ ಆರಿಸಿದ್ದರು; ಪಾರಸಿಗಳು, ಹಿಂದೂಗಳು, ಮುಸಲ್ಮಾನರು, ಇವರೆಲ್ಲರ ಮೇಲೆ ನಾಯಕನಾಗಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ಹತ್ತೊಂಬತ್ತರ ತರುಣ. ಪಾರಸಿಗಳಲ್ಲಿ ಡಾ. ಎಚ್. ಡಿ. ಕಾಂಗಾ, ಜೆ. ಎಸ್. ವಾರ್ಡನ್, ಮಿಸ್ತ್ರಿ, ಮೆಹರ್‌ಹೋಮ್ಜಿ, ಅಲಿಗಢದ ಆಟಗಾರರು, ಮದರಾಸಿನ ಕಡೆಯಿಂದ ವಿಕೆಟ್ ಕೀಪರ್ ಶೇಷಾಚಾರಿ, ಮುಂಬಯಿಯ ಎಂ. ಡಿ. ಪೈ, ಬಾಳೂ ಮತ್ತು ಶಿವರಾಮ. ಬೆಂಗಳೂರಿನ ಬಿ. ಜಯರಾಂ ಕೂಡ ಆ ಹಡಗಿನಲ್ಲಿದ್ದರು ಎಂಬುದನ್ನು ನಮ್ಮವರು ನೆನಪಿಡಬೇಕು. ಹೀಗಾಗಿ ಇಂದಿನ ಕರ್ನಾಟಕದ ಎರಡು ಊರುಗಳ ಹೆಸರು ಆ ಮೊದಲ ಪಟ್ಟಿಗೆ ತಾಗಿಕೊಂಡಿದೆ.

ಐದನೆಯ ಜಾರ್ಜನ ಪಟ್ಟಾಭಿಷೇಕ ಜೂನ್ 22ಕ್ಕೆ. ಮಹಾರಾಜರಿಗೆ ಆ ಬೇಸಿಗೆಯ ಮುಖ್ಯ ಕಾರ್ಯ ಅದೇ ಆಗಿತ್ತು; ಕ್ರಿಕೆಟ್ ಪಕ್ಕವಾದ್ಯ. ಕೆಲವೇ ಪಂದ್ಯಗಳನ್ನಾಡಿ ಅವರು ಔತಣ, ಭೇಟಿಗಳ ಲೋಕಕ್ಕೆ ಹೋದರು. ಹೋಗುವಾಗ ತಮ್ಮ ಆಸ್ಥಾನಕ್ಕೆ ಸೇರಿದ ಮಿಸ್ತ್ರಿಯನ್ನೂ ಕರೆದೊಯ್ದರು. ತಂಡದ ಅತ್ಯುತ್ತಮ ಬ್ಯಾಟುಗಾರರಲ್ಲಿ ಒಬ್ಬನಾಗಿದ್ದ ಮಿಸ್ತ್ರಿ ಹೀಗೆ ಋತುವಿನ ಬಹುಪಾಲು ಆಡಲೇ ಇಲ್ಲ. ಉಳಿದವರು ಊರೂರು ತಿರುಗಿದರು. ಆ ವರ್ಷದ ಇಂಗ್ಲೆಂಡಿನ ಬೇಸಿಗೆ ಅಪರೂಪದ ಬಿಸಿಲಿನದು. ಬಿಸಿಲಿಗೆ ಒಣಗಿ ಗಟ್ಟಿಯಾದ ಕಣ ಬ್ಯಾಟುಗಾರರಿಗೆ ಹಬ್ಬ, ನಿಧಾನವಾಗಿ ಚೆಂಡು ತಿರುಗಿಸುವವನಿಗೆ ಶಿಕ್ಷೆ. ಮಳೆ ಬಿದ್ದು ಮೆತ್ತಗಾದ ನೆಲದ ಮೇಲೆ ಎಡಗೈ ಸ್ಪಿನ್ನರುಗಳು ಹೆಸರು ಮಾಡುವುದು ಇಂಗ್ಲೆಂಡಿನ ವಾಡಿಕೆ. ಬಾಳೂ ಅವರಿಗೆ ಆ ಭಾಗ್ಯ ಹೆಚ್ಚಾಗಿ ಒದಗಲಿಲ್ಲ.

ಫಲಿತಾಂಶವನ್ನು ಮುಚ್ಚಿಡಬೇಕಾಗಿಲ್ಲ. ಒಟ್ಟು 23 ಪಂದ್ಯಗಳಲ್ಲಿ ಆರು ಗೆಲುವು, ಹದಿನೈದು ಸೋಲು, ಎರಡು ಡ್ರಾ. ಅವುಗಳಲ್ಲಿ ಪ್ರಥಮ ದರ್ಜೆಯವು ಹದಿನಾಲ್ಕು, ಅದರಲ್ಲಿ ಗೆಲುವು ಎರಡೇ. ತಂಡವಾಗಿ ನೋಡಿದರೆ ಸೋತ ಋತು. ಆ ಸೋಲುಗಳ ನಡುವೆ ಬಾಳೂ ಅವರ ಕೆಲಸವನ್ನು ಇಟ್ಟು ನೋಡಬೇಕು. ಎಲ್ಲ ಪಂದ್ಯಗಳೂ ಸೇರಿ 114 ವಿಕೆಟ್, ಒಂದೊಂದಕ್ಕೆ ಹತ್ತೊಂಬತ್ತಕ್ಕಿಂತ ಕಡಿಮೆ ರನ್ನು ಕೊಟ್ಟು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ 75, ಸರಾಸರಿ ಇಪ್ಪತ್ತರ ಆಸುಪಾಸು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ ಎಂಟು, ಲಾರ್ಡ್ಸಿನಲ್ಲಿ ಎಂ.ಸಿ.ಸಿ.ಯ ವಿರುದ್ಧ ನಾಲ್ಕು. ಕೇಂಬ್ರಿಜ್ಜಿನ ಆ ಎಂಟು ವಿಕೆಟ್ಟುಗಳ ಬೆಲೆ ನೂರಕ್ಕೂ ಹೆಚ್ಚು ರನ್ನು. ನನ್ನ ಮಟ್ಟಿಗೆ ಆ ಋತುವಿನ ಚಿತ್ರ ಇಡಿಯಾಗಿ ಆ ಲೆಕ್ಕದಲ್ಲಿದೆ: ಇನ್ನೊಂದು ತುದಿಯಿಂದ ನೆರವು ಸಾಲದು, ಹಿಡಿಯಬೇಕಾದ ಕ್ಯಾಚು ಕೈಜಾರುತ್ತದೆ, ಚೆಂಡು ಮತ್ತೆ ಅವರ ಕೈಗೇ ಬರುತ್ತದೆ. ಗ್ರೇಗನಿಗೆ ಗಂಟೆಗಟ್ಟಲೆ ಎಸೆದ ಅಭ್ಯಾಸ ಈಗ ಇಂಗ್ಲೆಂಡಿನ ಕೌಂಟಿಗಳ ಮೇಲೆ ಉಪಯೋಗಕ್ಕೆ ಬಂತು. ಆಟ ಬಲ್ಲವರು ಅವರನ್ನು ಭಾರತದ ರೋಡ್ಸ್ ಎಂದರು. ಯಾರ್ಕ್‌ಶೈರಿನ ವಿಲ್ಫ್ರೆಡ್ ರೋಡ್ಸ್ ಅಂದಿನ ಎಡಗೈ ಬೌಲರುಗಳಲ್ಲಿ ಅಗ್ರಗಣ್ಯ. ಆತನೂ ಸಂಬಳದ ಆಟಗಾರನೇ. ಹೋಲಿಕೆ ಕೊಟ್ಟವರು ಅದನ್ನು ಯೋಚಿಸಿ ಕೊಟ್ಟಿರಲಾರರು, ಆದರೆ ಸರಿಯಾದ ವೃತ್ತಿಬಂಧುವಿನ ಹೆಸರನ್ನೇ ಹೇಳಿದರು.

ಎರಡು ಗೆಲುವುಗಳಲ್ಲಿ ಮೊದಲನೆಯದು ಲೆಸ್ಟರ್‌ಶೈರಿನ ಮೇಲೆ. ಅಲ್ಲಿ ಎರಡು ಇನ್ನಿಂಗ್ಸುಗಳಲ್ಲಿ ಬಾಳೂ ಹನ್ನೊಂದು ವಿಕೆಟ್ ಪಡೆದರು. ಎರಡನೆಯದು ಟಾಂಟನ್ನಿನಲ್ಲಿ ಸಾಮರ್ಸೆಟ್ಟಿನ ಮೇಲೆ, ಕೇವಲ ಒಂದು ವಿಕೆಟ್ ಉಳಿದಿರುವಾಗ. ಆ ಪಂದ್ಯವನ್ನು ದಡ ಸೇರಿಸಿದ್ದು ಶಿವರಾಮರ ಅಜೇಯ ಶತಕ. ಪುಣೆಯ ಕ್ಲಬ್ಬಿನಲ್ಲಿ ಅಣ್ಣನಿಗೆ ಬ್ಯಾಟು ಕೊಡದ ಲೋಕದೆದುರು ತಮ್ಮ ಬ್ಯಾಟು ಹಿಡಿದೇ ನೂರು ಮಾಡಿದ. ರಾಜರು ಅಂದು ಮೈದಾನದಲ್ಲಿರಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಪಂಪನ ‘ವಿಕ್ರಮಾರ್ಜುನ ವಿಜಯ’ದ ಶಸ್ತ್ರವಿದ್ಯಾ ಪ್ರದರ್ಶನದ ರಂಗ ನೆನಪಾಗದೆ ಇರದು. ಕರ್ಣನು ತನ್ನ ಕೈಚಳಕವನ್ನು ತೋರಲು ರಂಗಕ್ಕಿಳಿದಾಗ ಗುರುಗಳ ಕಡೆಯಿಂದ ಬರುವುದು ಕುಲದ ಪ್ರಶ್ನೆ. ದುರ್ಯೋಧನನ ಉತ್ತರವನ್ನು ನಾವೆಲ್ಲ ತರಗತಿಗಳಲ್ಲಿ ಮತ್ತೆ ಮತ್ತೆ ಪಾಠ ಹೇಳುತ್ತೇವೆ, ಪಂಪನ ಉದಾರದೃಷ್ಟಿಗೆ ಸಾಕ್ಷಿಯೆಂದು ಮೆಚ್ಚುತ್ತೇವೆ. ಆದರೆ ಆ ಉತ್ತರ ಮಾತಿಗೇ ನಿಲ್ಲುವುದಿಲ್ಲ. ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟು ಪಟ್ಟ ಕಟ್ಟುತ್ತಾನೆ. ಗುಣವನ್ನು ಮೆಚ್ಚಿದವನು ಅಧಿಕಾರವನ್ನೂ ಹಂಚಿಕೊಳ್ಳುತ್ತಾನೆ. ಅವನ ಉದ್ದೇಶ ಶುದ್ಧವಲ್ಲ, ಅರ್ಜುನನಿಗೆ ಎದುರಾಳಿ ಬೇಕಿತ್ತು ಎಂಬುದು ನಿಜ. ಹಿಂದೂ ಕ್ಲಬ್ಬುಗಳಿಗೂ ಯುರೋಪಿಯನ್ನರಿಗೆ ಎದುರಾಳಿ ಬೇಕಿತ್ತು. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ: ಇಪ್ಪತ್ತನೆಯ ಶತಮಾನದ ರಂಗದಲ್ಲಿ ಬಾಳೂ ಅವರಿಗೆ ಯಾರೂ ಅಂಗರಾಜ್ಯವನ್ನು ಕೊಡಲಿಲ್ಲ. ಕ್ರಿಕೆಟ್ಟಿನಲ್ಲಿ ಅಂಗರಾಜ್ಯವೆಂದರೆ ನಾಯಕತ್ವ.

ಇದು ನನ್ನ ಉಪಮೆಯ ಚಪಲವಲ್ಲ. ಆ ಕಾಲದವರೇ ಎತ್ತಿದ ಪ್ರಶ್ನೆ. ಇಂಗ್ಲೆಂಡಿನಿಂದ ಮರಳಿದಾಗ ಮುಂಬಯಿಯ ದಲಿತ ಸಮುದಾಯದವರು ಬಾಳೂ ಅವರನ್ನು ಸನ್ಮಾನಿಸಿದರು. ಆಗ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರರಿಗೂ ಆ ಸನ್ಮಾನಕ್ಕೂ ಇದ್ದ ಸಂಬಂಧವನ್ನು ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ಗ್ರಂಥದಲ್ಲಿ ರಾಮಚಂದ್ರ ಗುಹಾ ಅವರು ವಿವರಿಸುತ್ತಾರೆ. ಬಾಳೂ ಅವರನ್ನು ಮರೆವಿನಿಂದ ಎತ್ತಿ ತಂದ ಕೃತಿ ಅದು, 2002ರಲ್ಲಿ ಹೊರಬಂತು. ತಮ್ಮಂದಿರಾದ ಗಣಪತ, ವಿಠ್ಠಲರೂ ಹಿಂದೂ ತಂಡಕ್ಕೆ ಬಂದರು. ಅಣ್ಣತಮ್ಮಂದಿರು ನಾಲ್ವರು ಆಡುತ್ತಿದ್ದ ತಂಡದಲ್ಲಿ ವರ್ಷ ವರ್ಷವೂ ಹಿರಿಯ ಬೌಲರನ ಹೆಸರು ನಾಯಕತ್ವಕ್ಕೆ ಕೇಳಿಬರುತ್ತಿತ್ತು, ವರ್ಷ ವರ್ಷವೂ ಇನ್ನೊಬ್ಬರು ನಾಯಕರಾಗುತ್ತಿದ್ದರು. 1911ರ ಪ್ರವಾಸದ ಜೊತೆಗಾರ ಎಂ. ಡಿ. ಪೈ ಅವರಲ್ಲೊಬ್ಬರು. ಪೈ ಅವರ ಬಗ್ಗೆ ಅಗೌರವದ ಮಾತಾಡುವ ಅಗತ್ಯವಿಲ್ಲ, ಒಳ್ಳೆಯ ಆಟಗಾರರು. ಪ್ರಶ್ನೆ ಆರಿಸುವವರದು.

1920ರಲ್ಲಿ ಅದು ಒಡೆಯಿತು. ಪೈ ಅವರು ಅಸ್ವಸ್ಥರಾಗಿ ಚತುಷ್ಕೋನ ಪಂದ್ಯಾವಳಿಯ ಮೊದಲ ಪಂದ್ಯಕ್ಕೆ ಲಭ್ಯರಾಗಲಿಲ್ಲ. ಬಾಳೂ ಅವರನ್ನು ತಂಡದಿಂದಲೇ ಬಿಟ್ಟು, ಪುಣೆಯ ಡಿ. ಬಿ. ದೇವಧರರನ್ನು ನಾಯಕರನ್ನಾಗಿ ಮಾಡಿದರು. ಶಿವರಾಮ ಮತ್ತು ವಿಠ್ಠಲ ಅವರಿಗಿಂತ ಹಿರಿಯರಿದ್ದರೂ. ತಮ್ಮಂದಿರಿಬ್ಬರೂ ತಂಡದಿಂದ ಹೊರಬಂದು, ಇದು ಆಟದ ಯೋಗ್ಯತೆಯ ನಿರ್ಣಯವಲ್ಲ, ಜಾತಿಯ ನಿರ್ಣಯ ಎಂಬರ್ಥದ ಬಹಿರಂಗ ಹೇಳಿಕೆ ಕೊಟ್ಟರು.  ಇಲ್ಲಿ ಪತ್ರಿಕೆಗಳು ಎದ್ದವು, ನೋಡುಗರು ಕೇಳತೊಡಗಿದರು, ಗಾಂಧೀಜಿಯವರ ಅಸಹಕಾರದ ವರ್ಷವದು, ಅಸ್ಪೃಶ್ಯತೆಯ ಮಾತು ಎಲ್ಲರ ಬಾಯಲ್ಲಿತ್ತು. ಅಂತಿಮ ಪಂದ್ಯದ ಹೊತ್ತಿಗೆ ಬಾಳೂ ಉಪನಾಯಕರಾಗಿ ಮರಳಿದರು. ಪಂದ್ಯದ ನಡುವೆ ಪೈ ಅವರು ಸ್ವಲ್ಪ ಹೊತ್ತು ಮೈದಾನದಿಂದ ಹೊರಗಿದ್ದಾಗ ತಂಡವನ್ನು ನಡೆಸಿದವರು ಬಾಳೂ. ಆಗ ಅವರಿಗೆ ನಾಲ್ವತ್ತು ದಾಟಿತ್ತು. ಅವರಿಗೆ ಸಂದ ನಾಯಕತ್ವ ಅಷ್ಟೇ.

ಅವರ ಮುಂದಿನ ಬದುಕು ರಾಜಕೀಯದ್ದು. ಅದಕ್ಕೆ ಬೇರೆಯೇ ಲೇಖನ ಬೇಕು. ಒಂದನ್ನು ಮಾತ್ರ ಸೂಚಿಸುತ್ತೇನೆ. 1932ರ ಪುಣೆ ಒಪ್ಪಂದದ ಕಾಲದಲ್ಲಿ ಬಾಳೂ ಅವರು ಗಾಂಧೀಜಿಯವರ ಕಡೆ ವಾಲಿದರು. 1937ರಲ್ಲಿ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ಇದನ್ನು ಓದಿ ಬಾಳೂ ಅವರನ್ನು ತೂಗಲು ಹೊರಡುವವರಿದ್ದಾರೆ. ಮಣ್ಣಿನ ಕುಡಿಕೆಯಿಂದ ಲಾರ್ಡ್ಸಿನವರೆಗೆ ಮೇಲ್ಜಾತಿಯವರ ನಡುವೆ ತನ್ನ ಕೈಯ ಗುಣದಿಂದಲೇ ದಾರಿ ಮಾಡಿಕೊಂಡ ಮನುಷ್ಯನಿಗೆ ಮನವೊಲಿಕೆಯ ರಾಜಕಾರಣದಲ್ಲಿ ನಂಬಿಕೆ ಮೂಡಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಅಂಬೇಡ್ಕರರಿಗೆ ಆ ದಾರಿ ಎಷ್ಟು ಕಿರಿದೆಂದು ಕಂಡದ್ದೂ ಅಷ್ಟೇ ಸಹಜ. 1955ರ ಜುಲೈ 4ರಂದು ಬಾಳೂ ಮುಂಬಯಿಯಲ್ಲಿ ತೀರಿಕೊಂಡರು.

ಅಂಗರಾಜ್ಯ ಬಂದದ್ದು ತಮ್ಮನಿಗೆ. 1923ರಲ್ಲಿ ವಿಠ್ಠಲ ಪಾಲವಣಕರರು ಹಿಂದೂ ತಂಡದ ನಾಯಕರಾದರು, ಯುರೋಪಿಯನ್ನರ ತಂಡವನ್ನು ಸೋಲಿಸಿದರು. 1948ರಲ್ಲಿ ಅವರು ಪ್ರಕಟಿಸಿದ ‘ಮಾಝೆ ಕ್ರೀಡಾಜೀವನ’ ಮರಾಠಿಯ ಕ್ರೀಡಾ ಆತ್ಮಕಥನಗಳಲ್ಲಿ ಮುಖ್ಯವಾದದ್ದು. ಕನ್ನಡಕ್ಕೆ ತರಲು ಯೋಗ್ಯವಾದ ಪುಸ್ತಕ ಎಂದು ಮರಾಠಿ ಬಲ್ಲ ನಮ್ಮ ಗಡಿಭಾಗದ ಸಂಶೋಧಕರಿಗೆ ಸೂಚಿಸುತ್ತೇನೆ. ಅದು ಹೊರಬಂದದ್ದಕ್ಕೆ ಒಂದು ವರ್ಷ ಮೊದಲು, 1947ರ ಏಪ್ರಿಲ್ 15ರಂದು, ಸಿನ್ಸಿನಾಟಿಯವರು ಮೊದಲ ಬಾರಿಗೆ ಸೋತ ಅದೇ ಬ್ರೂಕ್ಲಿನ್ನಿನಲ್ಲಿ ಜಾಕಿ ರಾಬಿನ್ಸನ್ ಮೈದಾನಕ್ಕಿಳಿದನು. ವಾಕರನ ಋತುವಿನಿಂದ ಅಲ್ಲಿಗೆ ಅರವತ್ತಮೂರು ವರ್ಷ. 1923ರ ಆ ಗೆಲುವಿನ ಸಂಜೆ ಮುಂಬಯಿಯ ಪ್ರೇಕ್ಷಕರು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೈದಾನದಿಂದ ಕರೆತಂದರು. ಅವರ ಅಣ್ಣನಿಗೆ ಚಹಾ ಕೊಡುವಾಗ ಬಟ್ಟಲನ್ನು ಬೇರೆ ಮಾಡಿದ್ದ ಸಮಾಜದವರೇ ಆ ಹೆಗಲುಗಳಲ್ಲಿ ಹಲವರು.